ನಿದ್ರೆ ಮಾತ್ರೆಯನ್ನೂ ಹೇಳಿ, ಮೊದಲ ದಿನವೇ ಹೇಳಿ

ನೀವು ಕುಡಿತ ಬಿಡಬೇಕು, 16ರ ಮಗಳು ಗಾಂಜಾಕ್ಕೆ ಕೈಹಾಕಿದ್ದಾಳೆ, ಇಬ್ಬರನ್ನೂ ಒಂದು ತಿಂಗಳು ಒಟ್ಟಿಗೆ ಇಟ್ಟುಕೊಳ್ಳುವ ಸ್ಟ್ರಿಕ್ಟ್ ವ್ಯಸನಮುಕ್ತಿ ಸೆಂಟರ್ ಆರಿಸುವುದು ಹೇಗೆ ಎಂದು ಕೇಳಿದ್ದೀರಿ. ಕೊನೆಯಲ್ಲಿ "ಡಾಕ್ಟರ್ ಬರೆದ ನಿದ್ರೆ ಮಾತ್ರೆ ಬಿಟ್ಟರೆ ನನಗೆ ಬೇರೆ ಯಾವ ಅಭ್ಯಾಸವೂ ಇಲ್ಲ" ಎಂದಿದ್ದೀರಿ. ಆ ಒಂದು ಸಾಲಿಗಾಗಿಯೇ ಬರೆಯಲು ಕೂತೆ. ಸೆಂಟರಿಗೆ ಸೇರಿದ ದಿನ ನಾನು ಅಷ್ಟನ್ನೂ ಬಾಯಿಬಿಟ್ಟಿರಲಿಲ್ಲ.

ಆಗ ನನಗೆ 38. ನಿದ್ದೆಗೆಂದು ರಾತ್ರಿ 2 ಮಿಲಿಗ್ರಾಂ ಕ್ಲೋನಜೆಪಾಮ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಾ ಮೂರು ವರ್ಷವಾಗಿತ್ತು. ಮೊದಲು ಬರೆದುಕೊಟ್ಟದ್ದು 0.5ರ ಒಂದು ಮಾತ್ರೆ, ಎರಡೇ ವಾರಕ್ಕೆ. ಆಮೇಲಿನದೆಲ್ಲ ಅದೇ ಹಳೆಯ ಚೀಟಿ ತೋರಿಸಿ ನಾನೇ ಏರಿಸಿಕೊಂಡದ್ದು. ದಾಖಲು ಮಾಡಿಕೊಳ್ಳುವಾಗ ನರ್ಸ್ "ಬೇರೆ ಏನಾದರೂ ತಗೋತೀರಾ?" ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಕೂಡ ಅನಿಸಲಿಲ್ಲ. ಡ್ರಗ್ಸ್ ಅಂದರೆ ಪುಡಿ, ಸೂಜಿ. ಚೀಟಿಯಲ್ಲಿ ಬರೆದದ್ದು ಔಷಧ ಎಂದೇ ನಂಬಿದ್ದೆ.

ಇದೊಂದು ತಪ್ಪು ಏನು ಮಾಡಿತು ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ. ಮದ್ಯವೂ ಕ್ಲೋನಜೆಪಾಮೂ ಮಿದುಳಿನಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ಕೆಲಸ ಮಾಡುತ್ತವೆ. ನರಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಎರಡೂ ಹೆಚ್ಚಿಸುತ್ತವೆ. ವರ್ಷಗಟ್ಟಲೆ ಹೀಗಾದರೆ ಮಿದುಳು ತನ್ನ ಸ್ವಂತ ಬ್ರೇಕನ್ನು ಸಡಿಲ ಮಾಡಿಕೊಳ್ಳುತ್ತದೆ. ಕುಡಿತ ತಟ್ಟನೆ ನಿಂತರೆ 6 ರಿಂದ 8 ಗಂಟೆಯಲ್ಲಿ ನಡುಕ, ಬೆವರು, ಎದೆಬಡಿತ. 6 ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48 ರಿಂದ 96 ಗಂಟೆಯ ನಡುವೆ ಜ್ವರ, ಭ್ರಮೆ, ದಿಕ್ಕುತಪ್ಪಿದ ಮಾತು. ಈ ಕೊನೆಯದು ಜೀವ ತೆಗೆಯಬಲ್ಲದು. ಅದನ್ನು ತಡೆಯಲು ಡಿಟಾಕ್ಸ್‌ನಲ್ಲಿ, ಅಂದರೆ ಕುಡಿತ ಬಿಡಿಸುವ ಮೊದಲ ದಿನಗಳ ಚಿಕಿತ್ಸೆಯಲ್ಲಿ, ಕ್ಲೋರ್ಡಯಾಜೆಪಾಕ್ಸೈಡ್ ಎಂಬ ಮಾತ್ರೆ ಕೊಟ್ಟು ದಿನದಿನವೂ ಇಳಿಸುತ್ತಾ 5 ರಿಂದ 7 ದಿನದಲ್ಲಿ ನಿಲ್ಲಿಸುತ್ತಾರೆ. ನನಗೂ ಹಾಗೆಯೇ ಮಾಡಿದರು, ಆರನೇ ದಿನ ನಿಲ್ಲಿಸಿದರು. ಬರೀ ಕುಡಿತಕ್ಕಾದರೆ ಅದು ಸರಿಯಾದ ಚಿಕಿತ್ಸೆ.

ಆದರೆ ಕ್ಲೋರ್ಡಯಾಜೆಪಾಕ್ಸೈಡ್ ನನ್ನ ಕ್ಲೋನಜೆಪಾಮಿನ ಕುಟುಂಬದ್ದೇ ಮಾತ್ರೆ. ಅದಿರುವಷ್ಟು ದಿನ ನನ್ನ ಗುಟ್ಟು ಮುಚ್ಚಿಹೋಗಿತ್ತು. ಕ್ಲೋನಜೆಪಾಮ್ ದೇಹದಲ್ಲಿ ಅರ್ಧಕ್ಕಿಳಿಯಲು 30 ರಿಂದ 40 ಗಂಟೆ ಬೇಕು. ಕ್ಲೋರ್ಡಯಾಜೆಪಾಕ್ಸೈಡ್ ಒಡೆದು ಆಗುವ ವಸ್ತುಗಳು ಇನ್ನೂ ನಿಧಾನಕ್ಕೆ ಹೋಗುತ್ತವೆ. ಹಾಗಾಗಿ ನಿಜವಾದ ಹಿಂತೆಗೆತ, ಅಂದರೆ ಮಾತ್ರೆ ನಿಂತದ್ದಕ್ಕೆ ದೇಹ ತಿರುಗಿಬೀಳುವುದು, ಶುರುವಾದದ್ದು ಎಲ್ಲರೂ "ಅಪಾಯ ಕಳೆಯಿತು" ಎಂದುಕೊಂಡ ಮೇಲೆ. ಹನ್ನೆರಡನೇ ದಿನ ಬೆಳಿಗ್ಗೆ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದೆ. ಮುಂದಿನ ಎರಡು ಹಲ್ಲು ಮುರಿದವು. ಕುಡಿತ ಬಿಟ್ಟ ಹನ್ನೆರಡನೇ ದಿನ ಮದ್ಯದ ಫಿಟ್ಸ್ ಬರುವುದಿಲ್ಲ, ಆದ್ದರಿಂದ ಮೂರ್ಛೆರೋಗ ಇರಬೇಕೆಂದು ಅದರ ಔಷಧ ಶುರು ಮಾಡಿದರು. ಮೂತ್ರ ಪರೀಕ್ಷೆಯಲ್ಲಿ ಗೊತ್ತಾಗಬೇಕಿತ್ತಲ್ಲ ಎನ್ನುತ್ತೀರಿ. ಸಾಮಾನ್ಯ ಸ್ಟ್ರಿಪ್ ಪರೀಕ್ಷೆ ಕ್ಲೋನಜೆಪಾಮನ್ನು ಎಷ್ಟೋ ಸಲ ಹಿಡಿಯುವುದೇ ಇಲ್ಲ. ಹಿಡಿದಿದ್ದರೂ, ಅವರೇ ಕೊಟ್ಟ ಮಾತ್ರೆಯದ್ದೆಂದು ಅಂದುಕೊಳ್ಳುತ್ತಿದ್ದರು. ಹೇಳಬಹುದಾಗಿದ್ದವಳು ನಾನೊಬ್ಬಳೇ. ಬಿದ್ದ ಮೇಲೂ ಹೇಳಲಿಲ್ಲ.

28ನೇ ದಿನ ಮನೆಗೆ ಬಂದೆ. ಅದೇ ರಾತ್ರಿ ನಿದ್ದೆ ಬಾರದೆ ದಿಂಬಿನ ಕವರಿನಲ್ಲಿದ್ದ ಸ್ಟ್ರಿಪ್ ತೆಗೆದೆ. ಆರು ವಾರದಲ್ಲಿ ಕುಡಿತವೂ ಮರಳಿತು. ನನಗೆ ತಿಳಿಯದ ಸಂಗತಿ ಇನ್ನೊಂದಿತ್ತು: ಆ ಸ್ಟ್ರಿಪ್ಪಿನಿಂದ ಮಗಳೂ ಮಾತ್ರೆ ತೆಗೆಯುತ್ತಿದ್ದಳು. ಗೆಳತಿಯ ಮನೆಯಲ್ಲಿ ಮದ್ಯದ ಜೊತೆ ನುಂಗಿ ಎಚ್ಚರ ತಪ್ಪಿದಳು. ಎರಡೂ ಸೇರಿದರೆ ಉಸಿರಾಟವೇ ನಿಧಾನವಾಗುತ್ತದೆ. ತುರ್ತು ವಿಭಾಗದ ವೈದ್ಯೆ "ಮನೆಯಲ್ಲಿ ಯಾವ ಮಾತ್ರೆ ಇದೆ?" ಎಂದು ಕೇಳಿದಾಗ ಮೊದಲ ಬಾರಿಗೆ ಹೆಸರು, ಮಿಲಿಗ್ರಾಂ ಎರಡನ್ನೂ ಹೇಳಿದೆ.

ಆಮೇಲೆ ನನ್ನ ಮಾತ್ರೆ ಇಳಿಸಿದ್ದು ಹೀಗೆ. ಮೂರು ವಾರಕ್ಕೊಮ್ಮೆ 0.125 ಮಿಲಿಗ್ರಾಂ, ಅಂದರೆ 0.5ರ ಮಾತ್ರೆಯ ಕಾಲುಭಾಗ ಕಡಿಮೆ. 0.5ಕ್ಕೆ ಬಂದ ಮೇಲೆ ಅದೇ ಹೆಜ್ಜೆ ಇಟ್ಟರೆ ಒಂದೇ ಸಲಕ್ಕೆ ಶೇಕಡಾ 25 ಇಳಿದಂತಾಗುತ್ತದೆ. ಅನೇಕರು ಸೋಲುವುದು ಅಲ್ಲಿಯೇ. ಆದ್ದರಿಂದ ಅಲ್ಲಿಂದ ಹೆಜ್ಜೆಯನ್ನೂ ಅರ್ಧ ಮಾಡಿದರು. ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ನಿಮ್ಮ ಲೆಕ್ಕ ಬೇರೆ ಇರುತ್ತದೆ, ವೈದ್ಯರೇ ಹಾಕಬೇಕು. ವರ್ಷಗಟ್ಟಲೆ ತೆಗೆದುಕೊಂಡಿದ್ದರೆ ಅದು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಮುಗಿಯುವ ಕೆಲಸವಲ್ಲ. ದಯವಿಟ್ಟು ಇವತ್ತು ರಾತ್ರಿಯೇ ಧೈರ್ಯ ಮಾಡಿ ಮಾತ್ರೆ, ಕುಡಿತ ಎರಡನ್ನೂ ನಿಲ್ಲಿಸಿಬಿಡಬೇಡಿ.

ಈಗ ನಿಮ್ಮ ಪ್ರಶ್ನೆ. ಸ್ಟ್ರಿಕ್ಟ್ ಸೆಂಟರ್ ಹುಡುಕಬೇಡಿ. ಬೈಗುಳ, ಫೋನ್ ಕಿತ್ತುಕೊಳ್ಳುವುದು, ಎಲ್ಲರೆದುರು ತಪ್ಪೊಪ್ಪಿಸುವುದು ಚಿಕಿತ್ಸೆಯಲ್ಲ. ಚಿಕಿತ್ಸೆಗೆ ಬರುವ ಹೆಂಗಸರಲ್ಲಿ ಎಷ್ಟೋ ಮಂದಿ ಹೊಡೆತ, ಲೈಂಗಿಕ ದೌರ್ಜನ್ಯ ಅನುಭವಿಸಿ ಬಂದವರು. ಗದರುವ ಜಾಗದಲ್ಲಿ ಅವರು ಬಾಯಿ ಮುಚ್ಚುತ್ತಾರೆ, ಮುಚ್ಚಿದ ಬಾಯಿಯಿಂದ ಕ್ಲೋನಜೆಪಾಮಿನ ಹೆಸರೂ ಹೊರಬರುವುದಿಲ್ಲ. ಗಂಡಸರೂ ಇರುವ ಗುಂಪಿನಲ್ಲಿ ನಾನು 28 ದಿನ ಹವಾಮಾನದ ಬಗ್ಗೆ ಮಾತಾಡಿದಂತೆ ಮಾತಾಡಿದೆ. ಹೆಂಗಸರದೇ ಗುಂಪು ಇರುವ ಕಡೆ ಹೋಗಿ. ಹಳೆಯ ನೋವನ್ನು ಮೊದಲ ವಾರವೇ ಕೆದಕುವವರಿಂದ ದೂರವಿರಿ. ನಿದ್ದೆ, ಸುರಕ್ಷತೆ, ಕಡುಬಯಕೆ ಎದ್ದಾಗ ಮುಂದಿನ ಹತ್ತು ನಿಮಿಷ ಏನು ಮಾಡಬೇಕು ಎಂಬುದು ಮೊದಲು ಗಟ್ಟಿಯಾಗಬೇಕು.

ಸೆಂಟರಿನವರನ್ನು ಕೇಳಬೇಕಾದದ್ದು: ರಾತ್ರಿ ಪಾಳಿಯಲ್ಲಿ ಮಹಿಳಾ ಸಿಬ್ಬಂದಿ ಇದ್ದಾರೆಯೇ, ವೈದ್ಯರು ಎಷ್ಟು ಹೊತ್ತಿಗೆ ಸಿಗುತ್ತಾರೆ, ಮೊದಲ ಮೂರು ದಿನ ನಡುಕ, ನಾಡಿ, ಬಿಪಿಯನ್ನು ಎಷ್ಟು ಗಂಟೆಗೊಮ್ಮೆ ನೋಡಿ ಬರೆಯುತ್ತಾರೆ, ಗ್ಲೂಕೋಸ್ ಹಾಕುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡುತ್ತಾರೆಯೇ. ಡಿಸ್ಚಾರ್ಜ್ ಆದ ಮೇಲಿನ ಯೋಜನೆಯನ್ನು ಸೇರುವ ದಿನವೇ ಬರೆದು ತೋರಿಸಿ ಎನ್ನಿ. ಒಟ್ಟು ಚಿಕಿತ್ಸೆ 90 ದಿನಕ್ಕಿಂತ ಕಡಿಮೆಯಾದರೆ ಫಲ ಅಷ್ಟಕ್ಕಷ್ಟೇ. ಅಷ್ಟೂ ದಿನ ಒಳಗೇ ಇರಬೇಕೆಂದಲ್ಲ, ಮನೆಯಿಂದ ಹೋಗಿ ಬಂದರೂ ಆಗುತ್ತದೆ.

ಗರ್ಭ ಪರೀಕ್ಷೆ ಮಾಡಿಸದೆ ಯಾವ ಔಷಧವೂ ಶುರುವಾಗಬಾರದು. ಇದನ್ನು ಓದುವವರಲ್ಲಿ ಯಾರಾದರೂ ಗರ್ಭಿಣಿಯಾಗಿದ್ದು ಅಫೀಮು ಜಾತಿಯ ಮಾದಕಕ್ಕೆ ಒಗ್ಗಿದ್ದರೆ, ತಾವಾಗಿಯೇ ನಿಲ್ಲಿಸಬೇಡಿ. ಅದರ ಬದಲಿಗೆ ವೈದ್ಯರು ಕೊಡುವ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಔಷಧದ ಮೇಲೆ ಸ್ಥಿರವಾಗಿರುವುದೇ ತಾಯಿಗೂ ಮಗುವಿಗೂ ಕ್ಷೇಮ. ಇದೇ ಮಾದಕಗಳಿಂದ ನಿಂತುಹೋದ ಮುಟ್ಟು ಚಿಕಿತ್ಸೆಯಲ್ಲಿ ಮರಳುತ್ತದೆ. ಮುಟ್ಟು ಕಾಣುವ ಮೊದಲೇ ಗರ್ಭ ಧರಿಸಬಹುದು, ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ.

ಮಗಳನ್ನು ನಿಮ್ಮ ಜೊತೆ ಸೇರಿಸುವ ಯೋಚನೆ ಬಿಡಿ. ದೊಡ್ಡವರ ವಾರ್ಡಿನಲ್ಲಿ 16ರ ಹುಡುಗಿ ಕಲಿಯುವುದು ಹೊಸ ಮಾತ್ರೆಗಳ ಹೆಸರನ್ನು. ಜೀವ ತೆಗೆದುಕೊಳ್ಳುವ ಮಾತು, ಫಿಟ್ಸಿನ ಭಯ, ಮನೆಯಲ್ಲೇ ಅಪಾಯ, ಇಲ್ಲವೇ ಹೊರರೋಗಿ ಚಿಕಿತ್ಸೆ ಸೋತದ್ದು, ಇಂಥವು ಇದ್ದರೆ ಮಾತ್ರ ಒಳಗೆ ಸೇರಿಸುವ ಪ್ರಶ್ನೆ. ನನ್ನ ಮಗಳಿಗೆ ಮೊದಲು ಮಾಡಿದ್ದು, ನನ್ನನ್ನು ಹೊರಗೆ ಕೂರಿಸಿ ಅವಳನ್ನು ಒಬ್ಬಳೇ ಮಾತಾಡಿಸಿದ್ದು. ಜೀವಕ್ಕೆ ಅಪಾಯವಿದ್ದರೆ ಮಾತ್ರ ತಾಯಿಗೆ ಹೇಳುತ್ತೇವೆ ಎಂದು ನನ್ನೆದುರೇ ಅವಳಿಗೆ ಮಾತು ಕೊಟ್ಟರು. ಆಮೇಲೆ ವಾರಕ್ಕೆ ಮೂರು ಸಂಜೆ ಎರಡೆರಡು ಗಂಟೆ, ಶಾಲೆ ತಪ್ಪಲಿಲ್ಲ. ವಾರಕ್ಕೊಂದು ದಿನ ಇಡೀ ಮನೆ ಕೌನ್ಸೆಲರ್ ಮುಂದೆ ಕೂರಬೇಕು. ಹದಿಹರೆಯದವರಿಗೆ ಕುಟುಂಬದ ಚಿಕಿತ್ಸೆಯಷ್ಟು ಆಧಾರವಿರುವ ವಿಧಾನ ಕಡಿಮೆ. ಅವಳ ಮೂತ್ರ ಪರೀಕ್ಷೆಯನ್ನು ಕದ್ದು ಮಾಡಿಸಬೇಡಿ, ಕಟ್ಟಿದ ನಂಬಿಕೆ ಒಂದೇ ದಿನದಲ್ಲಿ ಹೋಗುತ್ತದೆ. ಜೊತೆಗೆ ಖಿನ್ನತೆ, ಆತಂಕ, ತೂಕ ಇಳಿಸಲೆಂದು ಊಟ ಬಿಡುವುದು, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ಇವುಗಳನ್ನೂ ಅದೇ ತಂಡ ನೋಡಬೇಕು. "ಮೊದಲು ಗಾಂಜಾ ಬಿಡಲಿ, ಆಮೇಲೆ ನೋಡೋಣ" ಎನ್ನುವವರ ಹತ್ತಿರ ಬಿಡಬೇಡಿ.

ಮನೆಯ ಎಲ್ಲ ಮಾತ್ರೆಗಳನ್ನೂ ಇವತ್ತೇ ಒಂದು ಚೀಲಕ್ಕೆ ಹಾಕಿ ಬೀಗದೊಳಗೆ ಇಡಿ, ದಿಂಬಿನ ಕವರಿನದ್ದೂ ಸೇರಿ. ಒಂದು ಹಾಳೆಯಲ್ಲಿ ಪ್ರತಿಯೊಂದರ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಎಂದಿನಿಂದ ಎಂದು ಬರೆಯಿರಿ. ಚೀಟಿಯಲ್ಲಿದ್ದಷ್ಟನ್ನಲ್ಲ, ನಿಜವಾಗಿ ನುಂಗುವಷ್ಟನ್ನು ಬರೆಯಿರಿ. ಕುಡಿಯುವುದನ್ನೂ ಹಾಗೆಯೇ. ಸೇರುವ ದಿನ ಚೀಲ, ಹಾಳೆ ಎರಡನ್ನೂ ವೈದ್ಯರ ಕೈಗೇ ಕೊಡಿ. ಹಾಳೆಯ ಕೊನೆಯ ಸಾಲನ್ನು ಹೊರಡುವ ಹೊತ್ತಿಗೆ ತುಂಬಿ: ಕೊನೆಯ ಮಾತ್ರೆ ನುಂಗಿದ್ದು ಯಾವ ದಿನ, ಎಷ್ಟು ಗಂಟೆಗೆ.