ಗೆದ್ದವರ ಪಟ್ಟಿ ಲೇಖನವಾಗುವುದಿಲ್ಲ

ಮಾನ್ಯರೇ,

ಕಾಂಗ್ರೆಸ್ಸಿನೊಳಗಿನ ನಾಯಕತ್ವದ ಕದನಗಳನ್ನು ಕುರಿತ ನಿಮ್ಮ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. 1907ರ ಸೂರತ್ ಅಧಿವೇಶನದಿಂದ 1978ರ ವಿಭಜನೆಯವರೆಗೆ ಯಾರು ಯಾರನ್ನು ಮಣಿಸಿದರೆಂದು ಹೇಳುತ್ತ ಹೋಗುವ ನೀವು, ಆ ಜಗಳಗಳನ್ನು ಕೊನೆಗೆ ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆಯನ್ನು ಎಲ್ಲಿಯೂ ಎತ್ತಿಲ್ಲ. ಸೂರತ್ತಿನ ವೇದಿಕೆಗೆ ತೂರಿಬಂದ ಪಾದರಕ್ಷೆಗೆ ಎರಡು ಪುಟ ಸಂದಿದೆ, 1939ರ ತ್ರಿಪುರಿ ಅಧಿವೇಶನ ನಾಲ್ಕು ಸಾಲಿನಲ್ಲಿ ಮುಗಿದಿದೆ.

ಆ ನಾಲ್ಕು ಸಾಲಿನಲ್ಲೂ ಒಂದು ತಪ್ಪಿದೆ. 1939ರಲ್ಲಿ ಸುಭಾಷಚಂದ್ರ ಬೋಸರನ್ನು ಕಾಂಗ್ರೆಸ್ ಅಧ್ಯಕ್ಷ ಸ್ಥಾನದಿಂದ ಯಾರೂ ಪದಚ್ಯುತಗೊಳಿಸಲಿಲ್ಲ. ಆ ಸ್ಥಾನಕ್ಕೆ ನಡೆದ ಪ್ರತಿನಿಧಿಗಳ ಮತದಾನದಲ್ಲಿ ಅವರು 1580 ಮತ ಪಡೆದು, ಗಾಂಧೀಜಿಯವರ ಬೆಂಬಲವಿದ್ದು 1377 ಮತ ಪಡೆದ ಪಟ್ಟಾಭಿ ಸೀತಾರಾಮಯ್ಯನವರನ್ನು ಸೋಲಿಸಿದ್ದರು. ಆದರೆ ಕಾರ್ಯಕಾರಿ ಸಮಿತಿಯನ್ನು ಗಾಂಧೀಜಿಯವರ ಇಚ್ಛೆಯಂತೆ ನೇಮಿಸಬೇಕೆಂಬ ಗೋವಿಂದ ವಲ್ಲಭ ಪಂತರ ನಿರ್ಣಯಕ್ಕೆ ತ್ರಿಪುರಿಯಲ್ಲಿ ಒಪ್ಪಿಗೆ ದೊರೆತ ಮೇಲೆ, ಸಮಿತಿಯನ್ನೇ ರಚಿಸಲಾಗದೆ ಏಪ್ರಿಲ್‌ನಲ್ಲಿ ತಾವಾಗಿ ರಾಜೀನಾಮೆಯಿತ್ತರು. ಮತ ಒಬ್ಬರದು, ಸಂಘಟನೆ ಇನ್ನೊಬ್ಬರದು ಎಂಬ ಈ ಬಿಕ್ಕಟ್ಟೇ ನಿಮ್ಮ ಲೇಖನದ ಬೆನ್ನೆಲುಬಾಗಬೇಕಿತ್ತು. 1951ರಲ್ಲಿ ಪುರುಷೋತ್ತಮದಾಸ್ ಟಂಡನ್ ಕಾಂಗ್ರೆಸ್ಸಿನ ಅಧ್ಯಕ್ಷಗಿರಿ ಬಿಟ್ಟು, ಪ್ರಧಾನಿ ನೆಹರೂ ಅವರೇ ಆ ಸ್ಥಾನಕ್ಕೂ ಬಂದದ್ದನ್ನು ಇದರ ಮುಂದುವರಿಕೆಯಾಗಿ ಒಂದು ಪರಿಚ್ಛೇದದಲ್ಲಿ ಹೇಳಿದರೆ ಸಾಕು.

ನಿಲ್ಲಬೇಕಾದದ್ದು 1969ರಲ್ಲಿ. ಆ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ಸಂಸದೀಯ ಮಂಡಳಿ, ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿಯನ್ನಾಗಿ ಆರಿಸಿತು. ಕೆಲವೇ ದಿನಗಳಲ್ಲಿ ಇಂದಿರಾ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂಪಡೆದು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು, ಆಗಸ್ಟ್‌ನಲ್ಲಿ ರೆಡ್ಡಿಯವರ ವಿರುದ್ಧ ಇಂದಿರಾ ಬೆಂಬಲಿಸಿದ ಪಕ್ಷೇತರ ವಿ.ವಿ. ಗಿರಿ ಗೆದ್ದರು, ನವೆಂಬರ್‌ನಲ್ಲಿ ಪಕ್ಷದ ಅಧ್ಯಕ್ಷ ನಿಜಲಿಂಗಪ್ಪನವರು ಪ್ರಧಾನಿಯನ್ನೇ ಉಚ್ಚಾಟಿಸಿದರು, ಪಕ್ಷ ಎರಡಾಗಿ ಒಡೆಯಿತು. ಇದನ್ನೆಲ್ಲ ನೀವು ‘ಚಾಣಕ್ಯ ತಂತ್ರ’ ಎಂದು ಕರೆದು ಮುಂದೆ ಸಾಗಿದ್ದೀರಿ. ವಾಸ್ತವದಲ್ಲಿ ಇಂದಿರಾ ಪಕ್ಷದೊಳಗಿನ ಜಗಳವನ್ನು ಪಕ್ಷದ ಹೊರಗೆ ಒಯ್ದರು, ತೀರ್ಪನ್ನು ಮತದಾರರಿಂದ ಪಡೆದರು. 1971ರಲ್ಲಿ ನಿಜಲಿಂಗಪ್ಪನವರ ತವರು ಮೈಸೂರು ರಾಜ್ಯದ ಎಲ್ಲ 27 ಲೋಕಸಭಾ ಸ್ಥಾನಗಳೂ ಇಂದಿರಾ ಬಣಕ್ಕೆ ಬಂದವು. ಕನ್ನಡದಲ್ಲಿ ಬರೆಯುವವರು ಇದನ್ನು ಬಿಡುವುದೆಂದರೇನು?

ಮತ್ತೊಮ್ಮೆ ಬರೆಯುವುದಾದರೆ ಸೂರತ್ತನ್ನು ಅರ್ಧ ಪುಟಕ್ಕಿಳಿಸಿ, ಉಳಿದ ಜಾಗವನ್ನು ವೀರೇಂದ್ರ ಪಾಟೀಲರಿಗೆ ಕೊಡಿ. 1969ರಲ್ಲಿ ಮುಖ್ಯಮಂತ್ರಿಯಾಗಿದ್ದು ನಿಜಲಿಂಗಪ್ಪನವರೊಡನೆ ನಿಂತು, 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ವಿರುದ್ಧವೇ ಸ್ಪರ್ಧಿಸಿ, 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮತ್ತೆ ಮುಖ್ಯಮಂತ್ರಿಯಾಗಿ, ಮರುವರ್ಷವೇ ಸ್ಥಾನ ಕಳೆದುಕೊಂಡವರ ಹೆಸರು ನಿಮ್ಮ ಹಸ್ತಪ್ರತಿಯಲ್ಲಿ ಒಮ್ಮೆಯೂ ಬಂದಿಲ್ಲ.

ಇತಿ,
ಸಂಪಾದಕ