ಓದುಗರ ಪ್ರಶ್ನೆ: ಘರ್ಷಣೆ, ಸವೆತ, ಶಾಖದ ಸಂಶೋಧನೆ

ಪ್ರಶ್ನೆ: ಬಿಇ ಮೆಕ್ಯಾನಿಕಲ್ ಕೊನೆಯ ವರ್ಷ. ಟ್ರೈಬಾಲಜಿಯಲ್ಲಿ (ಘರ್ಷಣೆ, ಸವೆತಗಳ ವಿಜ್ಞಾನ) ಸಂಶೋಧನೆ ಮಾಡಿ ಪ್ರಾಧ್ಯಾಪಕನಾಗುವ ಆಸೆ. ದಾರಿ ಹೇಗೆ? – ದಾವಣಗೆರೆಯ ಓದುಗರು

ಉತ್ತರ: ಮೊದಲು ಎಂ.ಟೆಕ್ ಪ್ರವೇಶಕ್ಕೆ ಬೇಕಾದ ಗೇಟ್ ಪರೀಕ್ಷೆ ಬರೆಯಿರಿ. ಅಂಕ ಚೆನ್ನಾಗಿದ್ದರೆ ಐಐಎಸ್‌ಸಿ, ಐಐಟಿ, ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ ಎಂ.ಟೆಕ್‌ಗೆ ಪ್ರಯತ್ನಿಸಬಹುದು, ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಪಿಎಚ್‌ಡಿಯಲ್ಲಿ 2023ರ ಪರಿಷ್ಕರಣೆಯಂತೆ ಮೊದಲೆರಡು ವರ್ಷ 37,000, ಆಮೇಲೆ 42,000. ಐಐಟಿ, ಎನ್‌ಐಟಿಗಳಲ್ಲಿ ಪಾಠ ಮಾಡಲು ಪಿಎಚ್‌ಡಿ ಇರಲೇಬೇಕು. ಜಗತ್ತು ಬಳಸುವ ಶಕ್ತಿಯಲ್ಲಿ ಸುಮಾರು ಶೇ. 23 ಉಜ್ಜಾಟ, ಸವೆತಗಳಿಗೇ ಹೋಗುತ್ತದೆ ಎಂದು ಹೋಮ್‌ಬರ್ಗ್ ಮತ್ತು ಎರ್ಡೆಮಿರ್ 2017ರಲ್ಲಿ ಲೆಕ್ಕ ಹಾಕಿದ್ದಾರೆ. ಹಾಗಾಗಿ ಬೇರಿಂಗ್, ಬ್ರೇಕ್, ಟೈರ್, ಎಣ್ಣೆ ಕಂಪನಿಗಳಿಗೂ ಈ ವಿದ್ಯೆ ಬೇಕು. ಮಾರ್ಗದರ್ಶಕರನ್ನು ಆಯ್ದುಕೊಳ್ಳುವ ಮೊದಲು ಅವರ ಪ್ರಯೋಗಾಲಯಕ್ಕೆ ಹೋಗಿ, ಯಂತ್ರ ನಡೆಯುತ್ತಿದೆಯೇ ಎಂದು ಕಣ್ಣಾರೆ ನೋಡಿ. ಪ್ರಕಟಣೆಗಳ ಪಟ್ಟಿಗಿಂತ ಇದೇ ಮುಖ್ಯ.

ಪ್ರಶ್ನೆ: ಸವೆತ ಅಳೆಯಲು ಅಲ್ಯೂಮಿನಿಯಂ ಪಿನ್ನನ್ನು ತಿರುಗುವ ಉಕ್ಕಿನ ಡಿಸ್ಕ್ ಮೇಲೆ ಒತ್ತಿ 20 ನ್ಯೂಟನ್ ಹೊರೆಯಲ್ಲಿ 1,000 ಮೀಟರ್ ಓಡಿಸಿದೆ. ಒಂದೇ ಪರೀಕ್ಷೆ, ಒಂದು ಸಲ 3 ಮಿಲಿಗ್ರಾಂ ಸವೆತ, ಇನ್ನೊಂದು ಸಲ 6! – ಎಂ.ಟೆಕ್ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಬಹುಪಾಲು ತಪ್ಪು ಪಿನ್ನಿನ ತುದಿಯಲ್ಲಿರುತ್ತದೆ. 8 ಮಿ.ಮೀ. ವ್ಯಾಸದ ಪಿನ್ ಪೂರ್ತಿ ಕೂತರೆ ಒತ್ತಡ ಸುಮಾರು 0.4 ಮೆಗಾಪಾಸ್ಕಲ್; ಅಂಚೊಂದೇ ತಾಗಿದರೆ ಅದು ಹಲವು ಪಟ್ಟು. ಪಿನ್ನನ್ನು ಹೋಲ್ಡರಿನಲ್ಲಿ ಬಿಗಿದ ಮೇಲೆ, ಡಿಸ್ಕಿಗೆ 600ರ ಎಮರಿ ಪೇಪರ್ ಅಂಟಿಸಿ, ಕಡಿಮೆ ಹೊರೆಯಲ್ಲಿ ನಿಧಾನವಾಗಿ ಉಜ್ಜಿ. ತುದಿ ಪೂರ್ತಿ ಒಂದೇ ಬಗೆಯ ಗೀರು ಕಾಣುವವರೆಗೆ ಬಿಡಬೇಡಿ. ಪೇಪರ್ ತೆಗೆದು ಡಿಸ್ಕಿನ ಅಂಟನ್ನೂ ಒರೆಸಿ.

ಆಮೇಲೆ ಪಿನ್, ಡಿಸ್ಕ್ ಎರಡನ್ನೂ ಅಸಿಟೋನಿನಲ್ಲಿ ತೊಳೆದು ಒಣಗಿಸಿ. ತಕ್ಕಡಿ 0.1 ಮಿಲಿಗ್ರಾಂ ತೋರಿಸುವಂಥದ್ದೇ ಬೇಕು. ಓಟ ಮುಗಿದಾಗ ಪಿನ್ನಿನ ಹಿಂದಂಚಿಗೆ ಲೋಹ ತುಟಿಯಂತೆ ಹೊರಳಿ ಅಂಟಿರುತ್ತದೆ; ಸವೆದ ಲೋಹವೇ ತೂಕಕ್ಕೆ ಮರಳಿ ಸೇರುತ್ತದೆ. ಅದನ್ನು ಕೆರೆಯಲು ಹೋಗದೆ, ಫೋಟೊ ತೆಗೆದು ಫಲಿತಾಂಶದ ಜೊತೆ ದಾಖಲಿಸಿ. ಡಿಸ್ಕಿಗೂ ಅಲ್ಯೂಮಿನಿಯಂ ಮೆತ್ತಿಕೊಂಡಿರುವುದರಿಂದ ಹಳೇ ಜಾಡಿನ (ಪಿನ್ ಓಡಿದ ವೃತ್ತದ) ಮೇಲೆ ಎರಡನೇ ಪಿನ್ ಓಡಿಸಬಾರದು. ಜಾಡು ಬದಲಿಸಿದಾಗ ಸುತ್ತುಗಳನ್ನೂ ಬದಲಿಸಿ: ಸೆಕೆಂಡಿಗೆ 1 ಮೀಟರ್ ವೇಗಕ್ಕೆ 100 ಮಿ.ಮೀ. ವ್ಯಾಸದ ಜಾಡಿಗೆ ನಿಮಿಷಕ್ಕೆ 191 ಸುತ್ತು, 80 ಮಿ.ಮೀ. ಜಾಡಿಗೆ 239. ತುಂಬ ಜನ ಎಡವುವುದು ಇಲ್ಲೇ.

ಸವೆದ ತೂಕವನ್ನು ಲೋಹದ ಸಾಂದ್ರತೆಯಿಂದ ಭಾಗಿಸಿ, ಗಾತ್ರಕ್ಕೆ ತಿರುಗಿಸಿ ವರದಿ ಮಾಡಿ. 3 ಮಿಲಿಗ್ರಾಂ ಎಂದರೆ 1.11 ಘನ ಮಿ.ಮೀ.; ಹೊರೆ, ದೂರಗಳಿಂದ ಭಾಗಿಸಿದರೆ ಪ್ರತಿ ನ್ಯೂಟನ್-ಮೀಟರಿಗೆ 0.000056 ಘನ ಮಿ.ಮೀ. ಕನಿಷ್ಠ ಮೂರು ಸಲ ಓಡಿಸಿ, ಮೂರೂ ಅಂಕಿಗಳನ್ನು ಕೊಡಿ; ಸರಾಸರಿಯ ಹಿಂದೆ ಏರುಪೇರನ್ನು ಬಚ್ಚಿಡಬೇಡಿ.

ಪ್ರಶ್ನೆ: ನನ್ನ ಒಲವು ಶಾಖ ವರ್ಗಾವಣೆಯ ಕಡೆ. ಟ್ರೈಬಾಲಜಿಯನ್ನೂ ಅದನ್ನೂ ಸೇರಿಸಿ ಓದಬಹುದೇ? – ಹಾಸನದ ಓದುಗರು

ಉತ್ತರ: ಖಂಡಿತ. ಮೇಲಿನದೇ ಪರೀಕ್ಷೆಯಲ್ಲಿ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ, ಘರ್ಷಣಾಂಕ (ಘರ್ಷಣೆ ಬಲ ಹೊರೆಯ ಎಷ್ಟು ಪಾಲು ಎಂಬ ಅಂಕಿ) 0.4 ಇದ್ದರೆ ಹುಟ್ಟುವ ಶಾಖ 8 ವ್ಯಾಟ್. ಪಿನ್ನಿನೊಳಗೆ 10 ಮಿ.ಮೀ. ಅಂತರದಲ್ಲಿ ಎರಡು ಥರ್ಮೊಕಪಲ್ (ಬಿಸಿ ಅಳೆಯುವ ತಂತಿ) ಇಟ್ಟು, ವ್ಯತ್ಯಾಸ 3 ಡಿಗ್ರಿ ಬಂದರೆ, ಮಿಶ್ರಲೋಹದ ಉಷ್ಣವಾಹಕತೆ ಮೀಟರ್-ಡಿಗ್ರಿಗೆ 160 ವ್ಯಾಟ್ ಎಂದಿಟ್ಟುಕೊಂಡರೆ, ಪಿನ್ನಿನ ಮೂಲಕ ಹರಿಯುವುದು ಸುಮಾರು 2.4 ವ್ಯಾಟ್. ಉಳಿದದ್ದರಲ್ಲಿ ಹೆಚ್ಚಿನ ಪಾಲು ಡಿಸ್ಕಿಗೆ ಹೋಗುತ್ತದೆ, ಸ್ವಲ್ಪ ಪಿನ್ನಿನ ಪಕ್ಕದಿಂದ ಗಾಳಿಗೆ. ಆದರೆ ಥರ್ಮೊಕಪಲ್ ತೋರಿಸುವುದು ಲೋಹದ ಒಡಲಿನ ಬಿಸಿಯನ್ನು. ನಿಜವಾಗಿ ತಾಗುವ ಸೂಕ್ಷ್ಮ ಉಬ್ಬುಗಳು ಕ್ಷಣಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತವೆ. ಅದನ್ನು ಅಳೆಯುವುದು, ಲೆಕ್ಕ ಹಾಕುವುದು ಪಿಎಚ್‌ಡಿಗೆ ತಕ್ಕ ವಿಷಯ.