12 ಲಕ್ಷ ಕಟ್ಬೇಡ ತಂಗಿ

‘ಬಿಎಸ್ಸಿ ನರ್ಸಿಂಗ್ ಆಗಿ ಉಡುಪಿಯಲ್ಲಿ ಎರಡು ವರ್ಷ ವಾರ್ಡ್ ಡ್ಯೂಟಿ ಮಾಡಿದ್ದೇನೆ, ಏಜೆಂಟ್ ಒಬ್ರು 12 ಲಕ್ಷ ಕೊಟ್ರೆ ಯುಕೆಯಲ್ಲಿ ವಯಸ್ಸಾದವರನ್ನು ನೋಡ್ಕೊಳ್ಳುವ ಕೇರ್ ಹೋಮಿಗೆ ಕೇರರ್ (ಆರೈಕೆ ಮಾಡುವವರ) ವೀಸಾ ಮಾಡಿಸ್ತೇನೆ ಅಂತಿದ್ದಾರೆ, ಅಲ್ಲಿ ಲೈಫ್ ಹೇಗೆ ಅಕ್ಕ’ ಅಂತ ಕೇಳಿದ್ದಿಯಲ್ಲ. ಒಂದು ರೂಪಾಯಿ ಕೊಡ್ಬೇಡ ಮಾರಾಯ್ತಿ. ಹೊರದೇಶದಿಂದ ಹೊಸ ಕೇರರ್‌ಗಳನ್ನು ಕರೆಸುದು ಇಲ್ಲಿ 2025 ಜುಲೈ 22ಕ್ಕೇ ನಿಂತಿದೆ. ಅವ್ರು ಮಾರ್ತಾ ಇರುದು ಇಲ್ಲದ ವೀಸಾ.

ನಾನು ಬಂದದ್ದು 2022ರ ಕೊನೆಗೆ. ಮಂಗ್ಳೂರಲ್ಲಿ ಜಿಎನ್‌ಎಂ, ಅಂದ್ರೆ ನರ್ಸಿಂಗ್ ಡಿಪ್ಲೊಮಾ ಮಾಡಿದವಳು, ಅಮ್ಮನ ಬಳೆ ಸೊಸೈಟಿಯಲ್ಲಿಟ್ಟು 8 ಲಕ್ಷ ಕಟ್ಟಿದ್ದೆ. ವಾರಕ್ಕೆ 39 ಗಂಟೆ ಅಂತ ಕರೆಸಿದವರು ಕೊಟ್ಟದ್ದು 20 ಗಂಟೆ, ರೂಮ್ ಬಾಡಿಗೆ ಕಳೆದ್ರೆ ಊರಿಗೆ ಕಳಿಸ್ಲಿಕ್ಕೆ ಎಂತ ಉಳೀತದೆ? ಕೇಳಿದ್ರೆ ಸ್ಪಾನ್ಸರ್‌ಶಿಪ್ (ನಮ್ಮ ವೀಸಾ ನಿಂತಿರುದೇ ಕೆಲಸ ಕೊಟ್ಟವರ ಆ ಹೊಣೆಯ ಮೇಲೆ) ತೆಗೀತೇವೆ ಅಂತ ಹೆದರಿಸುದು, ತೆಗೆದ್ರೆ 60 ದಿನದೊಳಗೆ ಬೇರೆ ಸ್ಪಾನ್ಸರ್ ಹುಡುಕ್ಬೇಕು ಇಲ್ಲಾಂದ್ರೆ ಗಂಟುಮೂಟೆ ಕಟ್ಟಿ ವಾಪಸ್. ಹನ್ನೊಂದು ತಿಂಗಳು ಹಾಗೇ ಬಾಯಿ ಮುಚ್ಕೊಂಡು ಕಳೆದೆ.

ಆದ್ರೆ ಕೆಲಸವನ್ನು ಸಣ್ಣದು ಅಂತ ಯಾರೂ ಹೇಳ್ಬಾರ್ದು. ನಮ್ಮೂರ ಆಸ್ಪತ್ರೆಯಲ್ಲಿ ಮೈ ಒರೆಸುದು, ಊಟ ಕೊಡುದು ಎಲ್ಲ ರೋಗಿಯ ಜೊತೆಗಿರುವ ಬೈಸ್ಟ್ಯಾಂಡರ್ ನೋಡ್ಕೊಳ್ತಾರೆ, ಇಲ್ಲಿ ಅದೆಲ್ಲ ನಾವೇ. ನುಂಗ್ಲಿಕ್ಕೆ ಕಷ್ಟ ಇದ್ದ ಒಬ್ರು ಅಜ್ಜಿಯ ಚಾಕ್ಕೆ ಥಿಕ್ನರ್ ಪುಡಿ ಹಾಕಿ, ಮಕ್ಕಳಿಗೆ ಕೊಡುವ ರಾಗಿ ಮಣ್ಣಿ ಹಾಗೆ ಮಂದ ಮಾಡಿ, ಬೆನ್ನು ನೆಟ್ಟಗೆ ಕೂರಿಸಿ ಒಂದೊಂದೇ ಚಮಚ ಕೊಡ್ಬೇಕಿತ್ತು, ಗಂಟಲು ಅಲ್ಲಾಡಿದ್ದು ಕಂಡ ಮೇಲೆಯೇ ಇನ್ನೊಂದು. ಗಡಿಬಿಡಿ ಮಾಡಿದ್ರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ. ಒಂದು ಕಪ್ಪಿಗೆ 20 ನಿಮಿಷ, ಆಚೆ ರೂಮಲ್ಲಿ ಬೆಲ್ ಹೊಡೀತಾ ಇರ್ತದೆ, ಸ್ಟಾಫ್ ಇಬ್ರೇ. ಅದೇ ಹೊತ್ತಿಗೆ ಕುಂದಾಪುರದಲ್ಲಿ ನನ್ನ ಅಮ್ಮನಿಗೆ ಗಂಜಿ ಕುಡಿಸ್ತಾ ಇದ್ದದ್ದು ನಾವು ಸಂಬಳಕ್ಕೆ ಇಟ್ಟ ಹೋಮ್ ನರ್ಸ್, ಹಾವೇರಿ ಕಡೆಯ ಹುಡುಗಿ, ಅವಳ ಮಗು ಅವಳ ಅಮ್ಮನ ಹತ್ರ. ಅವಳಿಗೆ ಸಂಬಳ ಒಂದು ದಿನ ಸಹ ತಡ ಮಾಡ್ಲಿಲ್ಲ ನಾನು.

ನೀನು ನರ್ಸ್ ಆಗಿಯೇ ಬಾ, ಆ ದಾರಿ ಇನ್ನೂ ಉಂಟು. ಒಇಟಿ ಬರಿ, ಅದು ಆಸ್ಪತ್ರೆ ಕೆಲಸದವರ ಇಂಗ್ಲಿಷ್ ಪರೀಕ್ಷೆ, ರೈಟಿಂಗಲ್ಲಿ ಸಿ ಪ್ಲಸ್ ಸಾಕು, ಉಳಿದ ಮೂರರಲ್ಲಿ ಬಿ ಬೇಕು. ಸಿಬಿಟಿ, ಅಂದ್ರೆ ನರ್ಸಿಂಗಿನ ಕಂಪ್ಯೂಟರ್ ಪರೀಕ್ಷೆ, ಊರಿಂದಲೇ ಬರೀಬಹುದು, ಕೆಲಸ ಮಾಡಿ ತೋರಿಸುವ ಓಸ್ಕಿ ಪರೀಕ್ಷೆ ಇಲ್ಲಿ ಬಂದ್ಮೇಲೆ. ನಾನು ನೈಟ್ ಮುಗಿಸಿ ಬಸ್ಸಲ್ಲಿ ಓದಿ ಪಾಸಾದದ್ದು, ಈಗ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಲ್ಲಿ ಇದ್ದೇನೆ. ನರ್ಸಿಗೆ ಗಂಡ ಮಗುವನ್ನೂ ಕರ್ಕೊಂಡು ಬರ್ಬಹುದು, ಕೇರರ್‌ಗೆ ಅದನ್ನು 2024 ಮಾರ್ಚಲ್ಲೇ ನಿಲ್ಲಿಸಿದ್ರು. ಏಜೆಂಟ್ ಬೇಕೇ ಬೇಕಾದ್ರೆ ಹೊರದೇಶದ ಕೆಲಸಕ್ಕೆ ಕಳಿಸುವವರಿಗೆ ನಮ್ಮ ಸರ್ಕಾರ ಮಾಡಿದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ರಿಜಿಸ್ಟರ್ ಆದವರಾ ನೋಡು, ನಮ್ಮ ಸರ್ಕಾರ ಅವ್ರಿಗೆ ಹಾಕಿದ ಮಿತಿ 30,000 ಮತ್ತೆ ಜಿಎಸ್‌ಟಿ, ಅಷ್ಟೇ.

ಒರಿಜಿನಲ್ ಸರ್ಟಿಫಿಕೇಟ್ ಆ 12 ಲಕ್ಷದ ಏಜೆಂಟ್ ಕೈಗೆ ಕೊಟ್ಟಿದ್ರೆ ನಾಳೆ ಬೆಳಿಗ್ಗೆಯೇ ಅಣ್ಣನನ್ನು ಕರ್ಕೊಂಡು ಹೋಗಿ ವಾಪಸ್ ತಗೊ.